ಹುಣಸೆಹಣ್ಣು, ಹುಳಿಮಜ್ಜಿಗೆ ಮತ್ತು ನನ್ನ ಗ್ರಾಮಫೋನು

ನೀವು ನಂಬುವುದಿಲ್ಲ. ನಂಬಲೂ ಬೇಡಿ, ಎಪ್ಪತ್ತೆರಡು ವರ್ಷದಿಂದ ಜನರನ್ನು ಏಮಾರಿಸಿಕೊಂಡೇ ಬಂದವನ ಮಾತನ್ನು ಒಂದೇ ಸಲಕ್ಕೆ ನಂಬಿದರೆ ತಪ್ಪು ನಿಮ್ಮದೇ. ಆದರೆ ಫಾಸ್ಟರ್ ಸಿಟಿಯ ನಮ್ಮ ಗರಾಜಿನಲ್ಲಿದ್ದಷ್ಟು ಹಳೆಯ ಸಂಗೀತದ ಸಾಮಾನು ಈ ಸೀಮೆಯ ಇನ್ನಾವ ಕನ್ನಡಿಗನ ಮನೆಯಲ್ಲೂ ಇರಲಿಲ್ಲ ಎಂಬುದನ್ನು ಮಾತ್ರ ಸುಮ್ಮನೆ ಒಪ್ಪಿಕೊಂಡುಬಿಡಿ. ವಾಲ್ವಿನ ರೇಡಿಯೋಗಳು, ಸ್ಪೂಲಿನ ಟೇಪ್ ರೆಕಾರ್ಡರು, ರಾಮನವಮಿ ಪೆಂಡಾಲಿನಿಂದ ನಾಲ್ಕು ಬೀದಿಗೆ ಕೇಳುವಂತೆ ಕಿರುಚಿದ ಆಂಪ್ಲಿಫೈಯರು, ಎಲ್ಲಕ್ಕೂ ರಾಜನಂತೆ ಹಿತ್ತಾಳೆ ಕಹಳೆಯ ಗ್ರಾಮಫೋನು. ಬೆಂಗಳೂರಿನ ಗುಜರಿ ಅಂಗಡಿಯಲ್ಲಿ ಕೊಂಡು, ಆ ಕಹಳೆಯನ್ನು ವಿಮಾನದಲ್ಲಿ ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ತಂದವನು ನಾನು. ಇವುಗಳ ದೆಸೆಯಿಂದ ನಮ್ಮ ಕಾರು ಇಪ್ಪತ್ತು ವರ್ಷ ಬೀದಿಯಲ್ಲೇ ಮಲಗಿತು.

ಪಕ್ಕದ ಮನೆಯವರ ವಾಟರ್ ಹೀಟರ್ ಒಡೆದು ಅವರ ಗರಾಜು ಕೆರೆಯಾದ ದಿನ ನನಗೂ ದಿಗಿಲು ಹತ್ತಿತು. ಇನ್ಶೂರೆನ್ಸಿನವರಿಗೆ ಫೋನು ಮಾಡಿದೆ. ತಿಳಿದವರ ಕೈಲಿ ಬೆಲೆ ಕಟ್ಟಿಸಿ ಪಟ್ಟಿ ಕಳಿಸಿ ಎಂದರು. ಹೆಂಡತಿ ವನಜ ಅಡುಗೆಮನೆಯಿಂದಲೇ ಕಿವಿ ಕೊಟ್ಟಿದ್ದಳು.

"ರೀ, ಕಟ್ಸಿ ನೋಡೋಣ. ನಮ್ಮ ಕಾರಿಗಿಂತ ಒಂದು ಡಾಲರ್ ಕಮ್ಮಿ ಬಂದ್ರೂ ಕಾರು ಒಳಗೆ, ನಿಮ್ಮ ಗುಜರಿ ಹೊರಗೆ. ಆಗತ್ತಾ?"

"ನಿನ್ನ ಡಬ್ಬಾ ಕಾರಿಗೆ ನನ್ನ ಕಹಳೆ ಒಂದೇ ಸಾಕು ಕಣೇ!" ಎಂದು ಪಂದ್ಯ ಕಟ್ಟಿಯೇಬಿಟ್ಟೆ.

ಇಲ್ಲಿ ನನ್ನದೊಂದು ಹಳೆಯ ಕೀಟಲೆ ಹೇಳಲೇಬೇಕು. ಪಾಲೋ ಆಲ್ಟೋದಲ್ಲಿ ಧಾರವಾಡದ ಗೆಳೆಯ ಪಾಟೀಲನಿದ್ದಾನೆ. ಯಾವ ಹಳೆಯ ವಸ್ತುವನ್ನಾದರೂ ಮೂಸಿ ನೋಡಿ ವಯಸ್ಸು ಹೇಳುತ್ತೇನೆ ಎನ್ನುವ ಆಸಾಮಿ. ಅವನ ಜಂಬ ಇಳಿಸಲೆಂದೇ, ಶೋಕಿಗೆ ಮಾರುವ ಹೊಚ್ಚಹೊಸ ಗ್ರಾಮಫೋನೊಂದನ್ನು ತರಿಸಿದೆ. ಕಹಳೆಗೆ ಉಪ್ಪು ಬೆರೆಸಿದ ಹುಳಿಮಜ್ಜಿಗೆ ಬಳಿದು, ಕರಿಬೇವಿನ ಕುಂಡದ ಹಿಂದೆ ಒಂದು ತಿಂಗಳು ಬಚ್ಚಿಟ್ಟೆ. ಹಿತ್ತಾಳೆಗೆ ಮಜ್ಜಿಗೆ ತಾಗಿದರೆ ಹಸಿರು ಕಿಲುಬು ಹಿಡಿಯುತ್ತದೆಂದು ಬೈಸಿಕೊಳ್ಳದೆ ನಮ್ಮಲ್ಲಿ ಯಾರು ಬೆಳೆದಿದ್ದಾರೆ? ಮರದ ಪೆಟ್ಟಿಗೆಗೆ ಕಾಫಿ ಡಿಕಾಕ್ಷನ್ ಕುಡಿಸಿದೆ. ಪಾಟೀಲ ಬಂದವನೇ ಮೂಸಿ, "ಏನಲೇ ಇದು, ನಮ್ಮಜ್ಜಗಿಂತ ಹಳೇದೈತಿ!" ಎಂದು ಕೈಮುಗಿದ. ನಾನೂ ಮುಗಿದೆ, ನಗು ಮುಚ್ಚಿಕೊಳ್ಳಲು.

ಓಕ್ಲ್ಯಾಂಡಿನಿಂದ ಬೆಲೆ ಕಟ್ಟುವಾಕೆ ಬಂದಳು. ಬಿಳಿ ಕೈಗವಸು, ಕೈಯಲ್ಲಿ ಟಾರ್ಚು. ರೇಡಿಯೋಗಳನ್ನು ಮುಗಿಸಿ ನನ್ನ ರಾಜನ ಮುಂದೆ ನಿಂತಳು. ಪ್ರತಿ ಆಯುಧಪೂಜೆಗೂ ವನಜ ಆ ಕಹಳೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಕುಂಕುಮ ಇಡುತ್ತಾಳೆ; ಇಪ್ಪತ್ತು ದಸರಾ ತಿಕ್ಕಿಸಿಕೊಂಡ ರಾಜ ನಿನ್ನೆ ಕೊಂಡ ತಂಬಿಗೆಯಂತೆ ಥಳಥಳಿಸುತ್ತಿದ್ದ. ಚೆನ್ನಾಗಿದೆ, ಹೊಸ ನಕಲು, ಎಂದು ಬರೆದುಕೊಂಡು ಆಕೆ ಮುಂದೆ ನಡೆದಳು. ಮಜ್ಜಿಗೆ ಕುಡಿದ ಕಹಳೆಯ ಮುಂದೆ ಮಾತ್ರ ಉಸಿರು ಬಿಗಿಹಿಡಿದಳು. ಇದು ಕಾಲ ಬಳಿದ ಬಣ್ಣ, ಯಾರೂ ಒರೆಸಬೇಡಿ ಎಂದಳು. ಆಕೆ ದಡ್ಡಿಯಲ್ಲ, ನನ್ನ ಮಜ್ಜಿಗೆ ಅಂಥದ್ದು! ಒಟ್ಟು ಬೆಲೆ ಕಾರನ್ನು ದಾಟಿತು. ಗರಾಜು ನನ್ನದಾಯಿತು.

ಆದರೆ ರಾಜ ಕಾಗದದಲ್ಲಿ ನಕಲಿಯಾಗಿದ್ದ, ಮಜ್ಜಿಗೆಗೆ ಪಟ್ಟಾಭಿಷೇಕವಾಗಿತ್ತು. ನಾನು ಕೀಟಲೆಯವನೇ ಹೊರತು ಮೋಸಗಾರನಲ್ಲ. ಗಂಟಲು ಸರಿಮಾಡಿಕೊಂಡು, ಮೇಡಂ, ಅದು ಕಾಲವಲ್ಲ, ಮಜ್ಜಿಗೆ ಎಂದು ನಾನೇ ಒಪ್ಪಿಕೊಂಡೆ. ಆಕೆ ಕೈಗವಸು ತೆಗೆದು ಕಿಲುಬು ಕೆರೆದು ಮೂಸಿದಳು. ಆಮೇಲೆ ರಾಜನ ಪೆಟ್ಟಿಗೆ ಬಿಚ್ಚಿ, ಟಾರ್ಚು ಬಿಟ್ಟು, ಸವೆದ ಚಕ್ರಗಳನ್ನು ನೋಡಿ ಬೆರಗಾದಳು. ಅಪ್ಪಟ ಹಳೆಯದು; ಆದರೆ ತಿಕ್ಕಿದವರು ಅರ್ಧ ಬೆಲೆಯನ್ನೂ ತಿಕ್ಕಿ ತೆಗೆದಿದ್ದಾರೆ ಎಂದಳು.

"ಕಿಲುಬು ಹಿಡಿದಿದ್ದನ್ನ ಹಬ್ಬದ ದಿನ ಪೂಜೆಗೆ ಇಡಕ್ಕಾಗತ್ತಾ? ನೀವೇ ಹೇಳಿ ಅವರಿಗೆ!" ಎಂದಳು ವನಜ. ಹೊಸ ಮೊತ್ತ ಕಾರಿಗಿಂತ ಕೆಳಗಿಳಿದಿತ್ತು.

ಈಗ ಕಾರು ಒಳಗೆ ಮಲಗುತ್ತದೆ. ರಾಜ ದೇವರಮನೆಯ ಪಕ್ಕದಲ್ಲಿದ್ದಾನೆ. ಮಿಕ್ಕಿದ್ದೆಲ್ಲ ಪಾಟೀಲನ ಪಾಲಾಯಿತು, ಮಜ್ಜಿಗೆಯದೂ ಸೇರಿ. ಅದಕ್ಕೆ ಅವನು ಇನ್ನೂ ಕೈಮುಗಿಯುತ್ತಿದ್ದಾನೆ.

ಇಷ್ಟೂ ನಿಜ, ಒಂದನ್ನು ಬಿಟ್ಟು. ನಾನೇ ಒಪ್ಪಿಕೊಂಡೆ ಎಂದೆನಲ್ಲ, ಅದು ಸುಳ್ಳು. ಆ ಹೊತ್ತಿಗೆ ನಾನು ಆಕೆಯ ಬೆಲೆಪಟ್ಟಿಗೆ ಸಹಿ ಹಾಕಲು ಪೆನ್ನು ಹುಡುಕುತ್ತಿದ್ದೆ. ಮಜ್ಜಿಗೆಯ ಗುಟ್ಟು ಬಿಟ್ಟುಕೊಟ್ಟವಳು ವನಜ.