ಹದಿನೆಂಟನೆಯ ಜರೀಗಿಡ

ನನ್ನ ಹೆಂಡತಿಯ ತಮ್ಮನಷ್ಟು ನಿಧಾನವಾಗಿ ಗುಡ್ಡ ಹತ್ತುವ ಪ್ರಾಣಿ ಹಾಸನ ಜಿಲ್ಲೆಯಲ್ಲಿ ಇನ್ನೊಂದಿಲ್ಲ. ಬಸವನಹುಳುವನ್ನು ನಾನು ಮರೆತಿಲ್ಲ. ಅದಕ್ಕೆ ಭಾಷಣದ ಚಟವಿಲ್ಲ!

ಸರ್ವೆ ಇಲಾಖೆಯಿಂದ ನಿವೃತ್ತನಾದ ವರ್ಷವೇ ಎದೆನೋವಿನಿಂದ ಆಸ್ಪತ್ರೆ ಕಂಡು, ಚೇತರಿಸಿಕೊಳ್ಳಲು ವನಗೂರಿನ ಅವನ ಕಾಫಿ ತೋಟಕ್ಕೆ ಹೋಗಿದ್ದೆ. ಪ್ರವಾಸಿಗರ ಜೀಪುಗಳು ಟೇಪ್‌ರೆಕಾರ್ಡರ್ ಸಮೇತ ಏರುವ ಗುಡ್ಡಗಳೆಂದರೆ ಅವನಿಗೆ ಆಗದು. ತೋಟದ ಹಿಂದೆ, ಯಾರೂ ತುಳಿಯದ ಕಾಲುದಾರಿಯೊಂದು ನೆತ್ತಿಯವರೆಗೆ ಹೋಗುತ್ತದೆ, ತೋರಿಸುತ್ತೇನೆಂದ. ಆ ನೆತ್ತಿಯನ್ನು ನನ್ನ ಕಾಲಿನಿಂದಲೇ ಮುಟ್ಟಬೇಕೆಂಬ ಹಟ ನನಗೆ ಹತ್ತಿತು. ಮುಟ್ಟಿದರೆ ತಾನೇ ನಾನಿನ್ನೂ ಮೊದಲಿನ ಮನುಷ್ಯ!

ಮೊದಲ ದಿನವೇ ದಾರಿಯ ಬಾಯಿಗೆ ಲಂಟಾನದ ಕೊಂಬೆ ಮುಚ್ಚಿ, ನನ್ನ ಹೆಜ್ಜೆಗುರುತನ್ನು ಸೊಪ್ಪಿನಿಂದ ಗುಡಿಸಿದ.

"ಜೀಪ್ನೋರು ನೋಡ್ಬುಟ್ರೆ ನಾಳೀಕೆ ಇಲ್ಲೊಂದು ಬೋಂಡದಂಗಡಿ ಐತೆ, ಭಾವ!"

ಕಳ್ಳನ ಜಾಡಿನಂತೆ ನನ್ನ ಜಾಡನ್ನು ಅಳಿಸಿದ್ದನ್ನು ನಾನು ಮರೆತಿಲ್ಲ.

ಆ ವಾರ ಅವರ ಬಚ್ಚಲಿನ ಚಪ್ಪಡಿಕಲ್ಲು ಕಾಣೆಯಾಯಿತು. ಅವನ ಹೆಂಡತಿ ಮನೆಯೆಲ್ಲ ಹುಡುಕಿ ಕೂಗಾಡಿದಾಗ, ಈ ಮಹಾನುಭಾವ ನನ್ನೆದುರಿಗೇ ಹೇಳಿದ: "ಭಾವನ್ನ ಕೇಳು. ಸರ್ವೆಯೋರ್ಗೆ ಕಲ್ಲು ಕಂಡ್ರೆ ಕೈ ಸುಮ್ನಿರಾಕಿಲ್ಲ ಕಣೇ!" ಮೂವತ್ತು ವರ್ಷದ ನಿಷ್ಕಳಂಕ ಸೇವೆಗೆ ಸಂದ ಸನ್ಮಾನ! ಇದನ್ನೂ ಮರೆತಿಲ್ಲ.

ಇನ್ನು ಭಾಷಣಗಳು. ನೂರು ಹೆಜ್ಜೆಗೊಂದು!

"ಕೂತ್ಕಳಿ ಭಾವ. ಈ ಜರೀಗಿಡ ನೋಡಿದ್ರಾ?"

"ಹದಿನೇಳು ಸಲ ನೋಡಿದ್ದೇನಯ್ಯಾ!"

"ಹದಿನೆಂಟನೇದು ಬ್ಯಾರೆ ಥರ ಐತೆ."

ಪಾಠ ಮುಗಿಯುವಷ್ಟರಲ್ಲಿ ಮಂಜು ಇಳಿಯುತ್ತಿತ್ತು, ನಾವೂ ಇಳಿಯುತ್ತಿದ್ದೆವು. ಎರಡು ತಿಂಗಳು ಹೀಗೇ ಕಳೆದ ಮೇಲೆ, ಒಂದು ಬೆಳಿಗ್ಗೆ ಕೋಪ ತಡೆಯಲಾರದೆ ಒಬ್ಬನೇ ಹೊರಟೆ.

ನೂರು ಹೆಜ್ಜೆಗೆ ಉಸಿರು ಕಟ್ಟಿತು. ಪಕ್ಕದಲ್ಲೇ ಅವನು ನನ್ನನ್ನು ಕೂರಿಸುತ್ತಿದ್ದ ಕಲ್ಲು. ಕುಳಿತು ಎದ್ದೆ. ಮತ್ತೆ ನೂರು, ಮತ್ತೆ ಕಲ್ಲು. ನಾವು ಎಂದೂ ತಲುಪಿರದ ಕೊನೆಯ ತಿರುವಿನಲ್ಲೂ ಒಂದು ಕಲ್ಲು ಕಾದಿತ್ತು. ಅದರ ಅಂಚಿನಲ್ಲಿ ಸೋಪಿನ ಬಿಳಿ ಕಲೆ. ಬಚ್ಚಲಿನ ಚಪ್ಪಡಿ! ಅಷ್ಟು ಭಾರವನ್ನು ಆ ಕಡಿದಾದ ದಾರಿಯಲ್ಲಿ ಹೊತ್ತು ತಂದಿದ್ದ. ನಾನು ರೋಗಿಯೆಂಬ ಮಾತನ್ನು ಮಾತ್ರ ಒಮ್ಮೆಯೂ ಬಾಯಿಗೆ ತಂದಿರಲಿಲ್ಲ.

ನೆತ್ತಿ ಇಪ್ಪತ್ತು ಹೆಜ್ಜೆ ದೂರವಿತ್ತು. ಕೆಳಗಿನಿಂದ ಏದುಸಿರು ಕೇಳಿಸಿತು.

"ಭಾವ! ಒಬ್ರೇ ಬಂದ್ಬುಟ್ರಾ!" ಅವನ ಮುಖ ಬಿಳಿಚಿಕೊಂಡಿತ್ತು, ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ.

ಚಪ್ಪಡಿಯ ಮೇಲೆ ಸರಿದು ಜಾಗ ಮಾಡಿದೆ.

"ಕೂತ್ಕೋ. ಈ ಜರೀಗಿಡ ನೋಡಿದ್ದೀಯಾ?"