ಅತ್ತೆಯ ಕೋಣೆಯೂ ಅಳಿಯನ ಫ್ಯಾನುಗಳೂ

ಆ ಪೆಟ್ಟಿಗೆಯ ಸುದ್ದಿಯನ್ನು ಅತ್ತೆ ಮೊದಲು ಕೇಳಿದ್ದು ಅಳಿಯನ ಬಾಯಿಂದ. ಒಂದು ದಿನ ತಿಂಡಿ ತಿನ್ನುತ್ತಾ ಅವನು, ಕಂಪ್ಯೂಟರಿನಂಥದ್ದೇ ಒಂದು ಯಂತ್ರ ತರುತ್ತಿದ್ದೇನೆ, ಅದು ಬಾಲ್ಕನಿಯಲ್ಲಿ ತನ್ನ ಪಾಡಿಗೆ ಕೂತು ಹಗಲೂ ರಾತ್ರಿ ಲೆಕ್ಕ ಮಾಡುತ್ತದೆ, ಮಾಡಿದ ಲೆಕ್ಕಕ್ಕೆ ಬಿಟ್‌ಕಾಯಿನ್ ಎಂಬ ನಾಣ್ಯ ಹುಟ್ಟುತ್ತದೆ ಎಂದು ವಿವರಿಸಿದ. ನಾಣ್ಯ ಎಲ್ಲಿಂದ ಬೀಳುತ್ತದೆ, ಕೆಳಗೆ ಪಾತ್ರೆ ಇಡಬೇಕೇ ಎಂದು ಅತ್ತೆ ವಿಚಾರಿಸಿದಳು. ಅದು ಕಣ್ಣಿಗೆ ಕಾಣುವುದಿಲ್ಲ, ಕೈಗೂ ಸಿಗುವುದಿಲ್ಲ ಎಂದ ಅಳಿಯ.

"ಕಿವಿಗೂ ಕೇಳಿಸದೆ ಇದ್ರೆ ಸಾಕಪ್ಪ" ಎಂದಳು ಅತ್ತೆ.

ಕೇಳಿಸಿತು! ಚಪ್ಪಲಿ ಡಬ್ಬಿಗಿಂತ ಕೊಂಚ ದೊಡ್ಡದು, ಮುಂದೊಂದು ಫ್ಯಾನು, ಹಿಂದೊಂದು ಫ್ಯಾನು. ಸ್ವಿಚ್ಚು ಒತ್ತಿದ್ದೇ ತಡ, ವಿಮಾನವೊಂದನ್ನು ಬಾಲ್ಕನಿಗೆ ಕಟ್ಟಿಹಾಕಿ ಹಾರು ಎಂದಂತಾಯಿತು. ಬಾಲ್ಕನಿಯ ಈ ತುದಿಗೆ ಅತ್ತೆಯ ಕೋಣೆ, ಆ ತುದಿಗೆ ಮಗಳು ಅಳಿಯನ ಕೋಣೆ. ಕರೆಂಟಿನ ಪ್ಲಗ್ಗು ಇದ್ದದ್ದು ಅತ್ತೆಯ ಕಿಟಕಿಯ ಕೆಳಗೆ. ಹಾಗಾಗಿ ಪೆಟ್ಟಿಗೆಯೂ ಅಲ್ಲೇ ಠಿಕಾಣಿ ಹೂಡಿತು. ಕಿಟಕಿಯ ಕದ ಯಾವ ಕಾಲದಿಂದಲೋ ಸರಿಯಾಗಿ ಕೂರುತ್ತಿರಲಿಲ್ಲ.

"ನಾಲ್ಕು ದಿನ ಕಳೆದ್ರೆ ಅಭ್ಯಾಸ ಆಗುತ್ತೆ ಅತ್ತೆ" ಎಂದು ಅಳಿಯ ಸಮಾಧಾನ ಹೇಳಿದ. ತಿಂಗಳು ಕಳೆಯಿತು. ಅಭ್ಯಾಸವಾದದ್ದು ಕಿರುಚುವುದೊಂದೇ. ಅಡುಗೆಮನೆಯಲ್ಲಿದ್ದ ಮಗಳಿಗೆ ಒಂದು ಲೋಟ ನೀರು ಕೊಡು ಎಂದು ಅತ್ತೆ ಕೂಗಿದರೆ ಪಕ್ಕದ ಮನೆಯಾಕೆ ನೀರು ಹಿಡಿದು ಬಂದು ನಿಂತಿದ್ದಳು.

ಇಷ್ಟಕ್ಕೇ ಮುಗಿದಿದ್ದರೆ ಅತ್ತೆ ಕಿವಿಗೆ ಹತ್ತಿ ಇಟ್ಟುಕೊಂಡು ಸುಮ್ಮನಿರುತ್ತಿದ್ದಳೇನೋ. ಆದರೆ ಅಳಿಯನಿಗೆ ಆಸೆ ಬಲಿಯಿತು. ಇನ್ನೆರಡು ಪೆಟ್ಟಿಗೆ ತರಿಸುತ್ತೇನೆ, ಬಾಲ್ಕನಿಯಲ್ಲಿ ಜಾಗ ಸಾಲದು, ಹೇಗೂ ಆ ಸದ್ದಿನಲ್ಲಿ ನಿಮಗೆ ನಿದ್ದೆ ಬರುವುದಿಲ್ಲವಲ್ಲ, ಹಾಲ್‌ನಲ್ಲಿ ಮೆತ್ತಗಿನ ಸೋಫಾ ಇದೆ, ಕೋಣೆಯನ್ನು ಪೆಟ್ಟಿಗೆಗಳಿಗೆ ಬಿಟ್ಟುಕೊಡಿ ಎಂದು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹೇಳಿದ.

ಹುಟ್ಟಿದ ಮನೆಯಲ್ಲಿ ಅಕ್ಕತಂಗಿಯರ ಸಾಲಿನಲ್ಲಿ ಮಲಗಿದವಳು ಅತ್ತೆ. ಸೇರಿದ ಮನೆಯಲ್ಲಿ ಯಾರು ಯಾವಾಗ ಒಳಗೆ ಬರುತ್ತಾರೋ ಎಂದು ಸೆರಗು ಸರಿಮಾಡಿಕೊಳ್ಳುತ್ತಲೇ ಆಯುಷ್ಯ ಕಳೆದವಳು. ಗಂಡ ಹೋದ ಮೇಲೆ ಹೊಲಿಗೆ ಯಂತ್ರ ಹೊರಿಸಿಕೊಂಡು ಮಗಳ ಮನೆಗೆ ಬಂದಾಗ ಮೊಟ್ಟಮೊದಲ ಬಾರಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಬಾಗಿಲು ಅವಳದಾಗಿತ್ತು. ಆ ಚಿಲಕವನ್ನು ಕಾಣದ ನಾಣ್ಯಕ್ಕೆ ಬಿಟ್ಟುಕೊಡುವುದೇ?

"ಅಳಿಯಂದಿರೇ, ನಿಮ್ಮ ಪೆಟ್ಟಿಗೆ ಬಾಯಿ ನಾನು ಮುಚ್ಚಿಸ್ತೀನಿ. ಮುಚ್ಚಿಸಿದ್ರೆ ಕೋಣೆ ನನ್ನದು. ಆಮೇಲೆ ಅದರ ಮಾತು ಎತ್ತಬಾರದು."

ಅಳಿಯ ನಕ್ಕ. "ಆಗಲಿ ಅತ್ತೆ. ಆದ್ರೆ ಪೆಟ್ಟಿಗೆ ಮಾತ್ರ ನಿಲ್ಲಬಾರದು." ಮಗಳು ಸಾಕ್ಷಿಯಾದಳು.

ಅತ್ತೆಯ ಧೈರ್ಯಕ್ಕೆ ಕಾರಣವಿತ್ತು. ಹೊಲಿಗೆ ಯಂತ್ರದ ಹೊಟ್ಟೆಯನ್ನು ಅವಳು ಬಿಚ್ಚಿ ಜೋಡಿಸಿದ್ದಕ್ಕೆ ಲೆಕ್ಕವಿಲ್ಲ. ಯಂತ್ರವೆಂದರೆ ಯಂತ್ರ, ಅದು ಬಟ್ಟೆ ಹೊಲಿದರೇನು ನಾಣ್ಯ ಹೊಲಿದರೇನು ಎಂಬುದು ಅವಳ ಸಿದ್ಧಾಂತ.

ಮೊದಲ ದಂಡಯಾತ್ರೆ ಹಳೆಯ ಹತ್ತಿ ಕೌದಿಯದು. ಮಗುವಿಗೆ ಹೊದಿಸಿದಂತೆ ಪೆಟ್ಟಿಗೆಗೆ ಹೊದಿಸಿದಳು. ಪೆಟ್ಟಿಗೆಗೆ ಸೆಕೆ ಏರಿತು, ಫ್ಯಾನುಗಳು ಇನ್ನೂ ರಭಸಕ್ಕೆ ಬಿದ್ದವು, ಮುಂದಿನ ಫ್ಯಾನು ಕೌದಿಯ ಅಂಚನ್ನೇ ಬಾಯಿಗೆಳೆದುಕೊಂಡಿತು. ಕಿತ್ತುಬಂದ ಹತ್ತಿ ಬಾಲ್ಕನಿಯಿಂದಾಚೆ ಹಾರಿತು. ಕೆಳಮನೆಯ ನಿವೃತ್ತ ಮೇಷ್ಟ್ರು ಸುಡುಬಿಸಿಲಿನಲ್ಲಿ ಹಿಮ ಬೀಳುತ್ತಿದೆ ಎಂದು ಹೆಂಡತಿಯನ್ನು ಹೊರಗೆ ಕರೆದರಂತೆ.

ಎರಡನೆಯದು ಎಣ್ಣೆ. ಪ್ಲಗ್ಗು ಕಿತ್ತು, ಹೊಲಿಗೆ ಯಂತ್ರದ ಎಣ್ಣೆಯನ್ನು ಎರಡೂ ಫ್ಯಾನುಗಳಿಗೆ ಕೈತುಂಬಾ ಉಣಿಸಿದಳು. ಮತ್ತೆ ಪ್ಲಗ್ಗು ಚುಚ್ಚಿದ್ದೇ, ಉಂಡದ್ದೆಲ್ಲ ಹಗ್ಗದ ಮೇಲೆ ಒಣಗುತ್ತಿದ್ದ ಅಳಿಯನ ಬಿಳಿ ಅಂಗಿಗೆ ವರ್ಗವಾಯಿತು. ಚುಕ್ಕಿಗಳು ಅಳತೆ ಹಿಡಿದು ಹಾಕಿದಂತೆ ಬಂದಿವೆ ಎಂದು ಅತ್ತೆ ಮೆಚ್ಚಿಕೊಂಡಳು. ಅಳಿಯ ಮೆಚ್ಚಲಿಲ್ಲ.

ಸೋಲೆಂಬುದು ಅತ್ತೆಯ ಬಾಯಲ್ಲಿ ಬರುವ ಮಾತಲ್ಲ. ಮಾರನೆಯ ದಿನವೇ ಎಲೆಕ್ಟ್ರಿಕ್ ಅಂಗಡಿಗೆ ಹೋಗಿ ಸದ್ದು ಮಾಡದ ಎರಡು ಫ್ಯಾನು ತಂದಳು. ಸ್ಕ್ರೂ ಬಿಚ್ಚಿ ಹಳೆಯವನ್ನು ಇಳಿಸಿದಳು, ಹೊಸವನ್ನು ಏರಿಸಿದಳು, ಗಾಳಿಯ ದಿಕ್ಕಿನ ಬಾಣದ ಗುರುತನ್ನೂ ನೋಡಿ ಕೂರಿಸಿದಳು, ಸ್ವಿಚ್ಚು ಒತ್ತಿದಳು. ಆಹಾ, ಎಂಥ ನಿಶ್ಶಬ್ದ! ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೆದ್ದ ಸೇನಾಪತಿಯಂತೆ ಬಾಲ್ಕನಿಯ ಕಂಬಿ ಹಿಡಿದು ಊರನ್ನೇ ಒಮ್ಮೆ ನೋಡಿದಳು.

ಅಷ್ಟರಲ್ಲಿ ಆಫೀಸಿನಿಂದ ಅಳಿಯನ ಫೋನು. ಪೆಟ್ಟಿಗೆ ಕೆಲಸ ನಿಲ್ಲಿಸಿದೆ ಎಂದು ಅವನ ಮೊಬೈಲಿಗೆ ಸುದ್ದಿ ಬಂದಿತ್ತು. ಏನು ಮಾಡಿದಿರಿ ಎಂದು ಕೇಳಿದ್ದಕ್ಕೆ ಅತ್ತೆ, ಬಾಯಿ ಮುಚ್ಚಿಸಿದೆ ಎಂದಳು.

"ಅತ್ತೆ, ನಾನು ಬಾಯಿ ಮುಚ್ಚಿಸೋಕೆ ಒಪ್ಪಿದ್ದು. ಉಸಿರು ನಿಲ್ಸೋಕಲ್ಲ."

ಹೋದ ದಾರಿಯಲ್ಲೇ ಮತ್ತೆ ಅಂಗಡಿ. ಅಂಗಡಿಯವನು ಆಕಳಿಸುತ್ತಾ ತಿಳಿಸಿದ. ಫ್ಯಾನಿಗೆ ಹೋಗುವ ತಂತಿಗಳಲ್ಲಿ ಒಂದು ಚಾಡಿ ಹೇಳುವ ತಂತಿ. ಫ್ಯಾನು ಎಷ್ಟು ಜೋರಾಗಿ ತಿರುಗುತ್ತಿದೆ ಎಂದು ಅದು ಪೆಟ್ಟಿಗೆಗೆ ವರದಿ ಕೊಡುತ್ತಿರುತ್ತದೆ. ಹೊಸ ಫ್ಯಾನು ಮೆಲ್ಲಗೆ ತಿರುಗುವಂಥದ್ದು, ಪೆಟ್ಟಿಗೆ ಹೆದರಿ ಕೈಕಾಲು ಕಟ್ಟಿಕೊಂಡು ಕೂತಿದೆ. ಬಯಲುಗಾಳಿಯಲ್ಲಿ ಹೊಸ ಫ್ಯಾನುಗಳೇ ಧಾರಾಳ ಸಾಕು, ಅವಕ್ಕೆ ಬೇರೆ ಕಡೆಯಿಂದ ಕರೆಂಟು ಕೊಡಿ, ಆದರೆ ಪೆಟ್ಟಿಗೆಯನ್ನು ನಂಬಿಸಲು ಹಳೆಯ ಫ್ಯಾನುಗಳನ್ನೇ ಅದಕ್ಕೆ ಚುಚ್ಚಿ ಎಲ್ಲಾದರೂ ಒಂದು ಕಡೆ ತಿರುಗಲು ಬಿಡಿ ಎಂದ.

"ಎಲ್ಲಾದ್ರೂ ಅಂದ್ರೆ ಎಷ್ಟು ದೂರ?"

"ತಂತಿ ಎಷ್ಟು ಉದ್ದ ಇದೆಯೋ ಅಷ್ಟು ದೂರ, ಅಮ್ಮ."

ಅತ್ತೆಯ ಮುಖದಲ್ಲಿ ಬೆಳಕು ಮೂಡಿತು. ಉದ್ದದ್ದೇ ಕೊಡು ಎಂದಳು.

ಯಾರ ನಾಣ್ಯವೋ ಅವರ ತಲೆಯ ಮೇಲೆ! ತಂತಿ ಬಾಲ್ಕನಿಯುದ್ದಕ್ಕೂ ಹರಿದು, ಗವಾಕ್ಷಿಯಲ್ಲಿ ನುಸುಳಿ, ಮಗಳು ಅಳಿಯನ ಬೀರುವಿನ ನೆತ್ತಿ ತಲುಪಿತು. ಹಳೆಯ ಫ್ಯಾನುಗಳೆರಡೂ ಅಲ್ಲಿ ಪಟ್ಟವೇರಿ ಗರ್ಜಿಸಿದವು. ಪೆಟ್ಟಿಗೆ ಹಸಿರು ದೀಪ ಮಿಟುಕಿಸಿ ಲೆಕ್ಕಕ್ಕೆ ಕೂತಿತು. ಅತ್ತೆ ತನ್ನ ಕೋಣೆಗೆ ಬಂದರೆ ಗೋಡೆ ಗಡಿಯಾರದ ಟಿಕ್ ಟಿಕ್ ಕೇಳಿಸಿತು. ಚಿಲಕ ಹಾಕಿಕೊಂಡು ಹಾಯಾಗಿ ಮಲಗಿದಳು.

ಸಂಜೆ ಬಾಗಿಲು ತಟ್ಟಿದ ಅಳಿಯನ ಕೂದಲು ಗಾಳಿಗೆ ನೆಟ್ಟಗೆ ನಿಂತಿತ್ತು.

"ಪೆಟ್ಟಿಗೆ ನಡೀತಿದೆ ತಾನೆ?" ಎಂದಳು ಅತ್ತೆ.

"ನಡೀತಿದೆ. ಆದ್ರೆ ಸದ್ದು ನಮ್ಮ ಕೋಣೆಗೆ ಬಂದಿದೆಯಲ್ಲ ಅತ್ತೆ."

"ಅದಕ್ಕೇನಂತೆ. ನಾಲ್ಕು ದಿನ ಕಳೆದ್ರೆ ಅಭ್ಯಾಸ ಆಗುತ್ತೆ."

ಮಗಳು ನಗು ಬಚ್ಚಿಡಲು ಗೋಡೆಯ ಕಡೆ ತಿರುಗಿಕೊಂಡಳು.

ಅಳಿಯ ಮಾತಿಗೆ ತಪ್ಪುವವನಲ್ಲ, ಪೆಟ್ಟಿಗೆ ನಿಲ್ಲಿಸಲು ಮನಸ್ಸೂ ಇಲ್ಲ. ಫ್ಯಾನುಗಳನ್ನು ಎತ್ತಿಕೊಂಡು ಮನೆಯೆಲ್ಲ ಸುತ್ತಿದ. ಹಾಲ್‌ನಲ್ಲಿಟ್ಟರೆ ಪಕ್ಕದ ಮನೆಯಿಂದ ಗೋಡೆ ಗುದ್ದಿದರು. ಅಡುಗೆಮನೆಯಲ್ಲಿಟ್ಟರೆ ಡಬ್ಬಿಯ ಹಿಟ್ಟೆಲ್ಲ ಎದ್ದು ಮಗಳ ಮುಖಕ್ಕೆ ಬಳಿದುಕೊಂಡಿತು, ಅವಳು ಸೌಟು ಎತ್ತಿದಳು. ಬಚ್ಚಲಲ್ಲಿ ನೀರಿನ ಭಯ. ಕೊನೆಗೆ ಫ್ಯಾನುಗಳು ಬೀರುವಿನ ಮೇಲಕ್ಕೇ ಮರಳಿದವು. ಬೆಳಗ್ಗೆ ಗಂಡಹೆಂಡಿರ ಕಣ್ಣು ಕೆಂಪಗಾಗತೊಡಗಿತು. ಅತ್ತೆ ಮಾತ್ರ ತೊಳೆದಿಟ್ಟ ತಂಬಿಗೆಯಂತೆ ಹೊಳೆಯುತ್ತಾ, ಯಾರೂ ಕೇಳದಿದ್ದರೂ ರಾತ್ರಿ ಒಳ್ಳೆಯ ನಿದ್ದೆ ಎಂದು ಎಲ್ಲರಿಗೂ ಹೇಳಿಕೊಂಡು ಓಡಾಡಿದಳು.

ಆ ಭಾನುವಾರ ಮಧ್ಯಾಹ್ನ ಒಣಗಿದ ಬಟ್ಟೆ ತರಲು ಅವಳು ತಾರಸಿಗೆ ಹೋಗಿದ್ದಳು. ಇಳಿದು ಬಂದರೆ ಕೋಣೆಯ ಬಾಗಿಲು ಅರ್ಧ ತೆರೆದಿದೆ! ತನ್ನ ಹಾಸಿಗೆಯ ಮೇಲೆ ಮಗಳು ಕೈಕಾಲು ಚೆಲ್ಲಿ ಮಲಗಿದ್ದಾಳೆ, ಕಾಲಲ್ಲಿ ಚಪ್ಪಲಿ ಹಾಗೇ ಇದೆ. ಕೆಳಗೆ ಚಾಪೆ ಹಾಸಿ ಅಳಿಯ.

ಅತ್ತೆ ಬಟ್ಟೆಯ ರಾಶಿ ಕೆಳಗಿಟ್ಟು ಸೊಂಟಕ್ಕೆ ಕೈಕೊಟ್ಟಳು. ಕೊಟ್ಟ ಮಾತು, ಸಾಕ್ಷಿ, ಚಿಲಕ, ಹಕ್ಕು ಎಲ್ಲ ನಾಲಗೆಯ ತುದಿಗೆ ಬಂದವು. ಅಳಿಯ ತುಟಿಯ ಮೇಲೆ ಬೆರಳಿಟ್ಟು ಹೆಂಡತಿಯ ಕಡೆ ತೋರಿಸಿದ. ಗೆದ್ದದ್ದು ನೀವೇ, ಕೋಣೆ ನಿಮ್ಮದೇ, ಅದರಲ್ಲಿ ಎರಡು ಮಾತಿಲ್ಲ ಎಂದು ಪಿಸುಗುಟ್ಟಿದ. ಮನೆಯಲ್ಲಿ ಸದ್ದಿಲ್ಲದ ಜಾಗ ಈಗ ಇದೊಂದೇ, ನಿಮ್ಮ ಮಗಳು ನೆಟ್ಟಗೆ ನಿದ್ದೆ ಮಾಡಿ ವಾರವಾಗುತ್ತಾ ಬಂತು ಎಂದ.

ಅಳಿಯನೊಬ್ಬನೇ ಆಗಿದ್ದರೆ ಚಾಪೆಯ ಸಮೇತ ಸುತ್ತಿ ಆಚೆಗೆ ಹಾಕುತ್ತಿದ್ದಳು. ಆದರೆ ಮಗಳು ಚಿಕ್ಕಂದಿನಲ್ಲಿ ಮಲಗುತ್ತಿದ್ದ ಹಾಗೆಯೇ ಬಾಯಿ ತೆರೆದುಕೊಂಡು ಮಲಗಿದ್ದಳು. ಅತ್ತೆ ಅವಳ ಚಪ್ಪಲಿ ಕಳಚಿದಳು. ದಾನ ಕೊಟ್ಟು ಹೊರಡುವ ಮಹಾರಾಣಿಯಂತೆ ತಲೆಯೆತ್ತಿ, ಕಂಕುಳಲ್ಲಿ ದಿಂಬು ಸಿಕ್ಕಿಸಿಕೊಂಡು ಸೋಫಾದ ಕಡೆ ಹೆಜ್ಜೆ ಹಾಕಿದಳು. ಹೊಸಿಲು ದಾಟುವಾಗ ಬೆನ್ನ ಹಿಂದೆ ಅಳಿಯನ ವಿನಯದ ದನಿ ಕೇಳಿತು.

"ಅತ್ತೆ, ಹೋಗ್ತಾ ಬಾಗಿಲು ಸ್ವಲ್ಪ ಮೆಲ್ಲಗೆ ಎಳ್ಕೊಳ್ತೀರಾ? ಸದ್ದಾದ್ರೆ ನಮಗೆ ನಿದ್ದೆ ಬರಲ್ಲ."