ಜೋಲಿಯ ಆಚೆ ಬದಿ

ಸತ್ತ ಗಂಡನಿಗಾಗಿ ಒಂಬತ್ತು ದಿನದ ಜಪಮಾಲೆ ಪ್ರಾರ್ಥನೆ ಮುಗಿದು, ಬಾಡಿಗೆ ಕುರ್ಚಿಗಳು ವಾಪಸು ಹೋದ ಮರುದಿನ ಬೆಳಿಗ್ಗೆ, ಲಿಹಿಯಾ ತೊರ್ತಿಯಾ ರೊಟ್ಟಿ ಅಂಗಡಿಯ ಸಾಲಿನಲ್ಲಿ ನಿಂತಲ್ಲೇ ನಿದ್ದೆ ಹೋದಳು. ಅದೂ ಮುಂದಿದ್ದ ಕಟುಕನ ಹೆಗಲ ಮೇಲೆ.

ತಪ್ಪು ಜೋಲಿಯದು. ಇಬ್ಬರು ಮಲಗಲೆಂದು ಬಲೆಯಾಗಿ ಹೆಣೆದು, ಗೋಡೆಯಿಂದ ಗೋಡೆಗೆ ಕಟ್ಟಿದ್ದು. ಗಂಡ ವಿಲ್ಬೆರ್ತ್ ಆಚೆ ಬದಿ ಬಿದ್ದುಕೊಂಡರೆ ಇವಳ ಬದಿ ಬಿಗಿಯಾಗಿ ಹರಡುತ್ತಿತ್ತು. ಈಗ ಒಬ್ಬಳೇ ಮಲಗಿದರೆ ಬಲೆ ಎರಡೂ ಕಡೆಯಿಂದ ಮುಚ್ಚಿಕೊಂಡು ಅವಳನ್ನು ಎಲೆಯಲ್ಲಿ ಸುತ್ತಿದ ಕಡುಬು ಮಾಡುತ್ತಿತ್ತು. ನಾಳೆಯಿಂದ ಶಾಲೆ. ನಲವತ್ತು ಮಕ್ಕಳ ಮುಂದೆ ತೂಕಡಿಸಿದರೆ ಕೆಲಸ ಉಳಿಯುವುದಿಲ್ಲ.

ಪಕ್ಕದ ಮನೆಯ ದೋನ್ಯಾ ಎಲ್ದಾ ಹೇರಳೆ ಎಲೆಯ ಕಷಾಯ ತಂದರು. "ಕುಡಿಯೇ ಮಗಳೇ, ಇದಕ್ಕೆ ಕತ್ತೆನೂ ಮಲಗುತ್ತೆ."

"ನಿನ್ನೆಯೂ ಕುಡಿದೆ. ಐದು ಸಲ ಬಚ್ಚಲಿಗೆ ಓಡಿದೆ."

"ಹಂಗಾದ್ರೆ ಜೋಲಿ ಹಗ್ಗ ಒಂದು ಗೇಣು ಮೇಲಕ್ಕೆ ಕಟ್ಟು."

ಕಟ್ಟಿದಳು. ಬಿದ್ದಳು.

ಮಧ್ಯಾಹ್ನ ಹಿತ್ತಲಲ್ಲಿ ಅರ್ಧ ಚೀಲ ಸಿಮೆಂಟು ಕಣ್ಣಿಗೆ ಬಿತ್ತು. ಎರಡು ಮಳೆಗಾಲ ನೆನೆದು ಕಲ್ಲಾಗಿತ್ತು. ಬಲೆ ಹರಿಯದಿರಲೆಂದು ಅದಕ್ಕೆ ಗಂಡನ ಅಂಗಿ ತೊಡಿಸಿ, ಆಚೆ ಬದಿಗೆ ಹೇರಿ, ಈಚೆ ಬದಿ ಮಲಗಿದಳು. ಬಲೆ ಬಿಗಿಯಾಯಿತು. ಚೀಲವೂ ವಿಲ್ಬೆರ್ತನ ಹಾಗೆಯೇ ಬೆನ್ನು ತಿರುಗಿಸಿ, ಮಾತಿಲ್ಲದೆ ಬಿದ್ದಿತ್ತು. ಲಿಹಿಯಾ ಗೊರಕೆ ಹೊಡೆದಳು.

ಇಬ್ಬರ ಭಾರಕ್ಕೆ ಗೋಡೆಯ ಕೊಕ್ಕೆ ಕಿರುಗುಟ್ಟುವ ಸದ್ದೇ ಬೇರೆ. ದೋನ್ಯಾ ಎಲ್ದಾ ಅದನ್ನು ಆರು ವರ್ಷ ಕೇಳಿದವರು. ಕಿಟಕಿಯಲ್ಲಿ ಇಣುಕಿದವರೇ ಎದುರುಮನೆಯ ಗಾರೆ ಮೇಸ್ತ್ರಿ ದೋನ್ ನಸಾರಿಯೊನನ್ನು ಎಳೆದು ತಂದರು.

"ನಿನ್ನೆ ತಾನೇ ಪ್ರಾರ್ಥನೆ ಮುಗಿದಿದೆ, ಇವತ್ತಾಗಲೇ ಗಂಡಸು! ಅದೂ ಸತ್ತೋನ ಅಂಗಿ ಹಾಕ್ಕೊಂಡು!"

"ಏಳೋ, ಮಾನಗೆಟ್ಟೋನೇ!" ನಸಾರಿಯೊ ನುಗ್ಗಿ ಕಾಲರು ಹಿಡಿದು ಎಳೆದ. ಮಾನಗೆಟ್ಟವನು ಧೊಪ್ಪೆಂದು ಅವನ ಪಾದದ ಮೇಲೆಯೇ ಬಿದ್ದ.

ಒಂಟಿ ಕಾಲಲ್ಲಿ ಕುಣಿಯುತ್ತಲೇ ನಸಾರಿಯೊ ಬಗ್ಗಿ ನೋಡಿದ. ಅಂಗಿಯ ಕೆಳಗೆ ಅವನೇ ಹಾಕಿದ್ದ ಕೆಂಪು ಬಣ್ಣದ ಗುರುತು. "ಅಯ್ಯೋ, ಇದು ನನ್ನ ಚೀಲ! ಬಚ್ಚಲು ನೆಲಕ್ಕೆ ಅಂತ ಇಸ್ಕೊಂಡಿದ್ದ ನಿನ್ನ ಗಂಡ. ಉಳಿದದ್ದು ನಾಳೆನೇ ತಂದುಕೊಡ್ತೀನಿ ಅಂದಿದ್ದ!"

"ಕಲ್ಲಾಗಿದೆಯಲ್ಲ, ದೋನ್ ನಸಾರಿಯೊ?" ಎಂದಳು ಎಚ್ಚೆತ್ತು ಕೂತ ಲಿಹಿಯಾ.

"ಕಲ್ಲಾದ್ರೇನು, ನಂದು ನಂದೇ."

ಲಿಹಿಯಾಗೆ ನಗು ಬಂತು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ದೋನ್ಯಾ ಎಲ್ದಾ ಗಾಬರಿಯಾಗಿ ಮತ್ತೆ ಕಷಾಯ ತರಲು ಓಡಿದರು.

ಚೀಲವನ್ನು ಕೈಗಾಡಿಗೆ ಉರುಳಿಸಿ ಲಿಹಿಯಾ ರಸ್ತೆ ದಾಟಿದಳು; ನಸಾರಿಯೊ ಕುಂಟುತ್ತ ಮುಂದೆ ನಡೆದ. ಅವನ ಅಂಗಳದಲ್ಲಿ ಚೀಲ ಇಳಿಸಿದಳು.

"ಅಂಗಿ ನಿಮ್ಮದಲ್ಲ," ಎಂದು ಒಂದೊಂದೇ ಗುಂಡಿ ಬಿಚ್ಚಿದಳು. ಅದನ್ನು ಹೆಗಲಿಗೆ ಹಾಕಿಕೊಂಡು, ಆಕಳಿಸುತ್ತ, ಖಾಲಿ ಗಾಡಿಯನ್ನು ಮನೆಯ ಕಡೆ ತಳ್ಳಿದಳು.